ಯಂತ್ರ ಹೂಂ ಅಂದ ಮಳೆಗಾಲ

ಹೋದ ತಿಂಗಳು ಖಾನಾಪುರಕ್ಕೆ ಹೊರಟಿದ್ದೆ. ಬಸ್ಸು ಪೀರನವಾಡಿ ದಾಟಿ ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ಮುಂದೆ ರಸ್ತೆ ಅಗೆದಿದ್ದರು. ನನ್ನ ಕಿಟಕಿಯ ಪಕ್ಕಕ್ಕೆ ಒಂದು ಲಾರಿ ಬಂದು ನಿಂತಿತು. ಅದರ ತುಂಬ ಕೆಂಪು ಮೆಣಸಿನಕಾಯಿಯ ಚೀಲಗಳು. ಆಗಷ್ಟೇ ಕೋಲ್ಡ್ ಸ್ಟೋರೇಜಿನಿಂದ ಹೊರಗೆ ಬಂದವು ಎಂದು ನನಗೆ ವಾಸನೆಯಿಂದಲೇ ತಿಳಿಯಿತು. ಅಂಗಡಿಯ ಮೆಣಸಿನಕಾಯಿ ಮೂಗಿಗೆ ಹೊಡೆದು ಸೀನು ತರಿಸಿ ಬಿಟ್ಟುಬಿಡುತ್ತದೆ. ತಣ್ಣಗಿದ್ದ ಮೆಣಸಿನಕಾಯಿ ಹಾಗಲ್ಲ. ಒದ್ದೆ ಗೋಣಿತಟ್ಟಿನ ವಾಸನೆಯ ಜೊತೆ ಸೇರಿಕೊಂಡು ಗಂಟಲಲ್ಲಿ ಕುಳಿತುಬಿಡುತ್ತದೆ. ನಾನು ಎದ್ದು ಆ ಕಡೆಯ ಸಾಲಿನಲ್ಲಿ ಹೋಗಿ ಕುಳಿತೆ. ಕಂಡಕ್ಟರು ಇವಳಿಗೇನಾಯಿತು ಎನ್ನುವಂತೆ ನೋಡಿದ.

ಆ ರಸ್ತೆಯ ಬದಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಗಂಡ ಕೆಲಸ ಮಾಡುತ್ತಿದ್ದರು. ಕೆಲವು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಅವರು ಅದರ ಒಳಗೇ ಸಿಕ್ಕಿಬಿದ್ದರು. ಅಂಥ ವೇಳೆಗೆಂದೇ ಒಳಗಿನ ಗೋಡೆಗೆ ಒತ್ತುವ ಒಂದು ಗುಂಡಿ ಇತ್ತು. ಆ ಗುಂಡಿಯ ತಂತಿ ಹಿಡಿದು ಹೊರಟರೆ ಕೊನೆಯಲ್ಲಿ ಸಿಗುವವಳು ನಾನೇ.

ನನ್ನ ಕೆಲಸ ರಾಮತೀರ್ಥ ನಗರದ ಒಂದು ಮನೆಯ ಮೇಲಿನ ಮಹಡಿಯಲ್ಲಿ. ಹೆಸರಿಗೆ ಕಂಟ್ರೋಲ್ ರೂಮ್. ಎರಡು ಟೇಬಲ್ಲು, ಎರಡು ಪರದೆ, ಮೂಲೆಯಲ್ಲಿ ಸುದ್ದಿ ಹಿಡಿಯುವ ಒಂದು ಯಂತ್ರ, ಮಳೆ ಬಂದರೆ ಸೋರುವ ಒಂದು ಗೋಡೆ. ಬೆಳಗಾವಿಯಿಂದ ಖಾನಾಪುರದ ತನಕ ಪತ್ತಿನ ಸೊಸಾಯಿಟಿ, ಬಂಗಾರದ ಅಂಗಡಿ, ಗೋಡಂಬಿ ಕಾರ್ಖಾನೆ, ಗೋದಾಮು ಹೀಗೆ ಅಲಾರಂ ಪೆಟ್ಟಿಗೆ ಕೂರಿಸಿದ ಕಡೆಯಿಂದೆಲ್ಲ ಸುದ್ದಿ ನಮ್ಮಲ್ಲಿಗೆ ಬರುತ್ತಿತ್ತು. ಬಂದರೆ ನಾವು ಮಾಲೀಕರಿಗೋ ಪೊಲೀಸರಿಗೋ ಫೋನ್ ಮಾಡಬೇಕು. ಏನು ಕೆಲಸ ನಿನ್ನದು ಎಂದು ಯಾರಾದರೂ ಕೇಳಿದರೆ ಬಿಡಿಸಿ ಹೇಳುವಷ್ಟರಲ್ಲಿ ನನಗೂ ಸಾಕಾಗುತ್ತಿತ್ತು, ಕೇಳಿದವರಿಗೂ ಸಾಕಾಗುತ್ತಿತ್ತು. ನನ್ನ ಅತ್ತೆ ಮಾತ್ರ, ನಮ್ಮ ಸೊಸೆ ಕುಳಿತಲ್ಲೇ ಊರೆಲ್ಲ ಕಾಯುತ್ತಾಳೆ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು.

ಹೊಸ ಪೆಟ್ಟಿಗೆಗಳದು ಸುಲಭ. ಯಾವ ಕೋಣೆ, ಯಾವ ಬಾಗಿಲು, ಬೆಂಕಿಯೋ ಕಳ್ಳನೋ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತವೆ, ಮತ್ತು ಬೆಳಗಾವಿಯಲ್ಲಿ ಹೇಳಿದರೂ ಬೇರೆ ದೇಶದಲ್ಲಿ ಹೇಳಿದರೂ ಅದೇ ಅರ್ಥ. ಹಳೆಯವು ಮೂಗರ ಹಾಗೆ. ಟೆಲಿಫೋನ್ ತಂತಿ ಹಿಡಿದು ನಮಗೆ ಫೋನ್ ಮಾಡುತ್ತವೆ. ನಮ್ಮ ಯಂತ್ರ ಒಂದು ಸಿಳ್ಳೆ ಹಾಕಿ, ಹೇಳು ಎನ್ನುತ್ತದೆ. ಆಗ ಟಕಟಕ ಬಡಿದು ಆರು ಅಂಕಿ ಕಳಿಸುತ್ತವೆ. ಮೊದಲ ನಾಲ್ಕು, ತಾನು ಯಾರು ಎಂದು. ಉಳಿದ ಎರಡು, ಏನಾಗಿದೆ ಎಂದು. ಒಂದಕ್ಕೆ ಒಂದು ಬಡಿತ, ಒಂಬತ್ತಕ್ಕೆ ಒಂಬತ್ತು. ಸೊನ್ನೆಗೆ ಹತ್ತು. ಏನೂ ಇಲ್ಲ ಎಂದು ಹೇಳುವುದಕ್ಕೇ ಅವಕ್ಕೆ ಎಲ್ಲಕ್ಕಿಂತ ಹೆಚ್ಚು ದುಡಿಮೆ ಎಂದು ನಾನು ನಗುತ್ತಿದ್ದೆ. ಅದೇ ಆರು ಅಂಕಿಯನ್ನು ಎರಡು ಸಲ ಬಡಿಯುತ್ತವೆ. ಎರಡೂ ಸಲ ಒಂದೇ ಆಗಿದ್ದರೆ ನಮ್ಮ ಯಂತ್ರ ಉದ್ದಕ್ಕೆ ಒಂದು ಸ್ವರ ಹೊರಡಿಸುತ್ತದೆ. ಅದಕ್ಕೆ ನಾವು ಇಟ್ಟ ಹೆಸರು ಹೂಂ. ಕಥೆ ಹೇಳುವ ಅಜ್ಜಿಗೆ ಮಕ್ಕಳು ಹೂಂ ಎನ್ನಬೇಕಲ್ಲ, ಹಾಗೆ. ಹೂಂ ಅನ್ನದಿದ್ದರೆ ಪೆಟ್ಟಿಗೆ ಬಿಡುವುದಿಲ್ಲ, ಮತ್ತೆ ಮತ್ತೆ ಫೋನ್ ಮಾಡುತ್ತದೆ. ಒಮ್ಮೆ ಹೂಂ ಅಂದರೆ ಸಾಕು, ನಾನು ಹೇಳಿದ್ದು ಮುಟ್ಟಿತು ಎಂದು ತಂತಿ ಬಿಟ್ಟು ಸುಮ್ಮನಾಗುತ್ತದೆ.

ಮುಟ್ಟಿದ್ದು ತಿಳಿಯಿತೇ ಎಂದು ಮಾತ್ರ ಅದು ಕೇಳುವುದಿಲ್ಲ. ಹಳೆಯ ಪೆಟ್ಟಿಗೆಯ ಕೊನೆಯ ಎರಡು ಅಂಕಿಗೆ ಏನು ಅರ್ಥ ಎನ್ನುವುದು ಅದನ್ನು ಕೂರಿಸಿದವನ ಇಷ್ಟ. ಕಳ್ಳತನ, ಬೆಂಕಿ, ಬ್ಯಾಟರಿ ಇಂಥವಕ್ಕೆ ಹೆಚ್ಚಿನ ಕಡೆ ಒಂದೇ ಅಂಕಿ ಇಡುತ್ತಿದ್ದರು. ಬೇರೆ ಏನಾದರೂ ಇದ್ದರೆ ಸಿಕ್ಕ ಅಂಕಿ. ಖಾನಾಪುರದ ರಸ್ತೆಗುಂಟ ಇದ್ದ ಹಳೆಯ ಪೆಟ್ಟಿಗೆಗಳನ್ನೆಲ್ಲ ಕೂರಿಸಿದವರು ಪರಶುರಾಮ ಕಾಕಾ. ಖಾನಾಪುರದ ಮರಾಠಿ ಮನುಷ್ಯ. ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು, ಆದರೆ ಎಣಿಸುವುದು, ಬೈಯುವುದು, ದೇವರಿಗೆ ಕೈಮುಗಿಯುವುದು ಮರಾಠಿಯಲ್ಲಿ. ನಾನು ಹುಟ್ಟಿದ್ದು ಪಾರಿಶ್ವಾಡದಲ್ಲಿ. ಎರಡೂ ಭಾಷೆ ಕಿವಿಗೆ ಬಿದ್ದೇ ಬೆಳೆದವಳು, ಹಾಗಾಗಿ ನನಗೆ ಅವರು ಯಾವುದರಲ್ಲಿ ಮಾತಾಡಿದರು ಎನ್ನುವುದೇ ನೆನಪಿರುತ್ತಿರಲಿಲ್ಲ.

ಆ ವರ್ಷ ಮಳೆ ಶುರುವಾದದ್ದೇ ಸಿಡಿಲಿನಿಂದ. ಒಂದು ಸಂಜೆ ನಮ್ಮ ಮಹಡಿಯ ಮೇಲೇ ಬಿತ್ತೋ ಎನ್ನುವಂತೆ ಹೊಡೆದು ಹಳೆಯ ಯಂತ್ರ ಸುಟ್ಟುಹೋಯಿತು. ಅದರೊಂದಿಗೆ ಯಾವ ಪೆಟ್ಟಿಗೆಯ ಯಾವ ಅಂಕಿಗೆ ಏನು ಅರ್ಥ ಎನ್ನುವುದೂ ಹೋಯಿತು. ನಮ್ಮ ಸಾಹೇಬರು ಮಾರನೆಯ ದಿನವೇ ಹುಬ್ಬಳ್ಳಿಯಿಂದ ಹೊಸ ಯಂತ್ರ ತರಿಸಿದರು. ತರಿಸಿದರೆ ಆಯಿತೇ? ಪ್ರತಿಯೊಂದು ಹಳೆಯ ಪೆಟ್ಟಿಗೆಯ ಅಂಕಿಗಳನ್ನು ಮತ್ತೆ ಅದಕ್ಕೆ ಕಲಿಸಬೇಕು. ಎಲ್ಲ ಇದ್ದದ್ದು ಕಾಕಾರ ತಲೆಯಲ್ಲಿ. ಕಾಕಾ ಮೊಣಕಾಲು ನೋವೆಂದು ಮನೆ ಬಿಟ್ಟು ಹೊರಡುತ್ತಿದ್ದದ್ದೇ ಅಪರೂಪ. ಸರಿ, ಫೋನಿನಲ್ಲೇ ಹೇಳಲಿ ಎಂದರು ಸಾಹೇಬರು.

ನಾನು ಆ ದಿನ ಬಸುರಿ ತಂಗಿಯ ಕುಬಸಕ್ಕೆ ಪಾರಿಶ್ವಾಡಕ್ಕೆ ಹೋಗಿದ್ದೆ. ಕಾಕಾ ಹೇಳಿದ್ದನ್ನು ಕೇಳಿ ಯಂತ್ರಕ್ಕೆ ತುಂಬಿದವನು ಸಿದ್ದಪ್ಪ, ನನ್ನ ಜೊತೆಯ ಕೆಲಸಗಾರ. ಸವದತ್ತಿ ಕಡೆಯವನು, ಕೆಲಸಕ್ಕೆ ಬಂದು ಹೆಚ್ಚು ತಿಂಗಳಾಗಿರಲಿಲ್ಲ. ಮರಾಠಿ ಬರುವುದಿಲ್ಲ ಎಂದು ಹೇಳಲು ಅವನಿಗೆ ನಾಚಿಕೆ. ಬೆಳಗಾವಿಯಲ್ಲಿ ಇರಬೇಕೆಂದರೆ ಕಲಿಯಲೇಬೇಕು ಎಂದು ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಬಾಯಿಪಾಠ ಮಾಡುತ್ತಿದ್ದ. ಬುದ್ಧಿವಂತ. ಕೆಲಸಗಳ್ಳ ಅಲ್ಲ. ಹಾಗಿದ್ದೂ ಮುಂದೆ ಆದದ್ದರ ನಂತರ ಎಷ್ಟೋ ದಿನ ನಾನು ಅವನ ಮುಖ ನೋಡಿ ಮಾತಾಡಲಿಲ್ಲ.

ಆಮೇಲೆ ಮಳೆ ಹಿಡಿಯಿತು ನೋಡಿ, ಬಿಡಲೇ ಇಲ್ಲ. ಖಾನಾಪುರದ ಕಡೆ ಕರೆಂಟು ಬಂದರೆ ಹೋಗುತ್ತಿತ್ತು, ಹೋದರೆ ಬರುತ್ತಿರಲಿಲ್ಲ. ಕರೆಂಟು ಹೋದಾಗ ಪೆಟ್ಟಿಗೆಗಳು ಬ್ಯಾಟರಿಯ ಮೇಲೆ ಬದುಕುತ್ತವೆ. ಬ್ಯಾಟರಿಯೂ ಸೋತಾಗ ನಮಗೆ ಸುದ್ದಿ ಕಳಿಸುತ್ತವೆ. ಪರದೆಯ ತುಂಬ ಅದೇ. ಬ್ಯಾಟರಿ ಕಡಿಮೆ, ಬ್ಯಾಟರಿ ಕಡಿಮೆ. ಟೆಲಿಫೋನ್ ತಂತಿಯಲ್ಲಿ ನೀರು ಹೊಕ್ಕು ಕರಕರ ಸದ್ದು, ಅದರಲ್ಲಿ ಬಡಿತ ತಪ್ಪಿ ಒಂದು ಪೆಟ್ಟಿಗೆ ಇನ್ನೊಂದರ ಹೆಸರು ಹೇಳುವುದು. ಬೆಂಕಿ ಎಂದು ಓಡಿಸಿದರೆ ಅಲ್ಲಿ ಮೊಣಕಾಲುದ್ದ ನೀರು. ಪೊಲೀಸರು ನಮ್ಮ ನಂಬರು ಕಂಡರೆ ಫೋನ್ ಎತ್ತಲು ಬೇಸರಪಡುವಂತಾಯಿತು. ಬ್ಯಾಟರಿಯ ಸುದ್ದಿಗೆಲ್ಲ ಯಾರಿಗೂ ಫೋನ್ ಮಾಡಬೇಡಿ, ಮಳೆ ನಿಲ್ಲುವ ತನಕ ಒರೆಸಿ ಹಾಕಿ ಎಂದು ಸಾಹೇಬರು ಅಪ್ಪಣೆ ಮಾಡಿದರು. ನಾವು ಒರೆಸಿದ್ದೇ ಒರೆಸಿದ್ದು.

ನಮ್ಮವರು ಕೋಲ್ಡ್ ಸ್ಟೋರೇಜಿನಲ್ಲಿ ತಂಪು ಮಾಡುವ ಯಂತ್ರ ನೋಡಿಕೊಳ್ಳುತ್ತಿದ್ದರು. ಮಾತು ಕಡಿಮೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಒಂದು ಫೋನ್ ಮಾಡಿ, ಉಂಡಿಯಾ ಎಂದು ಕೇಳಿ ಇಟ್ಟುಬಿಡುತ್ತಿದ್ದರು. ನಾನು ಹೂಂ ಎನ್ನುವ ಮೊದಲೇ ಇಟ್ಟಿರುತ್ತಿದ್ದರು. ಅಲ್ಲಿಯ ತಣ್ಣನೆಯ ಕೋಣೆಯ ಬಾಗಿಲಿಗೆ ಒಳಗಿನಿಂದ ತೆರೆಯುವ ಹಿಡಿಕೆ ಇತ್ತು, ಅದರ ಸ್ಪ್ರಿಂಗು ಮುರಿದಿತ್ತು. ಮಾಲೀಕರಿಗೆ ಹೇಳಿದರೆ ಮಳೆಗಾಲ ಮುಗಿಯಲಿ ಎಂದರಂತೆ. ನನಗೆ ಸಿಟ್ಟು ಬಂದು ನೀವೇ ಹಾಕಿಸಿಕೊಳ್ಳಿ ಎಂದು ಕೂಗಾಡಿದ್ದೆ. ಅವರು ನಕ್ಕು, ಒಳಗೆ ಗುಂಡಿ ಇದೆ, ಗುಂಡಿಯ ಆ ಕಡೆ ನೀನಿದ್ದೀಯ, ಇನ್ನೇನು ಬೇಕು ಎಂದರು. ಅದೇ ವಾರ ಕಾಕಾರನ್ನು ಕಾಡಿಬೇಡಿ ಕರೆಸಿ, ಅಲಾರಂ ಪೆಟ್ಟಿಗೆಗೆ ಹೊಸ ಬ್ಯಾಟರಿಯನ್ನಂತೂ ಹಾಕಿಸಿದರು.

ಅದಾದ ಒಂದು ವಾರಕ್ಕೆ, ಒಂದು ದಿನ ಬೆಳಗಿನಿಂದ ಕರೆಂಟಿರಲಿಲ್ಲ. ಮಳೆಯೋ ಮಳೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಪರದೆಯ ಮೇಲೆ ಕೋಲ್ಡ್ ಸ್ಟೋರೇಜಿನ ಹೆಸರು ಬಂತು. ಇಪ್ಪತ್ತೈದು, ಬ್ಯಾಟರಿ ಕಡಿಮೆ. ಒರೆಸಿದೆ. ಅದರ ಹಿಂದೆಯೇ ಗೋಡಂಬಿ ಕಾರ್ಖಾನೆ, ಎರಡು ಸೊಸಾಯಿಟಿ, ಎಲ್ಲ ಬ್ಯಾಟರಿಯೇ. ಅವನ್ನೂ ಒರೆಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೋಲ್ಡ್ ಸ್ಟೋರೇಜು, ಇಪ್ಪತ್ತೈದು. ಊಟ ಮುಗಿಸಿ ಕೈ ತೊಳೆದು ಬಂದೆ, ಮತ್ತೊಮ್ಮೆ ಬಂದಿತ್ತು. ಸಿದ್ದಪ್ಪ ಒರೆಸಿದ.

ನಮ್ಮವರ ಫೋನು ಬಂದಿರಲಿಲ್ಲ. ನಾನೇ ಮಾಡಿದೆ, ಹತ್ತಲಿಲ್ಲ. ಅಲ್ಲಿಯ ಆಫೀಸಿನ ಫೋನಿಗೆ ಮಾಡಿದೆ, ಬಾರಿಸಿ ಬಾರಿಸಿ ನಿಂತಿತು. ಕರೆಂಟಿಲ್ಲವೆಂದು ಎಲ್ಲರೂ ಮನೆಗೆ ಹೋಗಿರಬೇಕು ಎಂದುಕೊಂಡೆ. ಆದರೆ ಒಂದು ಸಂಶಯ ಉಳಿಯಿತು. ಹೊಸ ಬ್ಯಾಟರಿ ಒಂದು ವಾರಕ್ಕೇ ಹೇಗೆ ಸೋಲುತ್ತದೆ? ಕಾಕಾ ಹಳೆಯದನ್ನೇ ಒರೆಸಿ ಕೂರಿಸಿದರೇ? ಜಗಳ ಮಾಡುವ ಮನಸ್ಸಿನಿಂದಲೇ ಅವರಿಗೆ ಫೋನ್ ಹಚ್ಚಿದೆ.

ಯಾವ ನಂಬರು ಬರುತ್ತಿದೆ ಎಂದು ಕೇಳಿದರು. ಇಪ್ಪತ್ತೈದು ಎಂದೆ. ಅವರು ತಮ್ಮ ಮರಾಠಿಯಲ್ಲಿ ಎಣಿಸಿ ಮತ್ತೆ ಕೇಳಿದರು.

“ಪಂಚವೀಸ? ಮೊದಲ ಎರಡು, ಆಮ್ಯಾಲ ಐದು?”

“ಹೌದ್ರಿ ಕಾಕಾ.”

“ತಂಗಿ, ಅದು ಬ್ಯಾಟರಿ ಅಲ್ಲ. ಅದು ಒಳಗಿನ ಗುಂಡಿ. ಯಾರೋ ಒಳಗ ಸಿಕ್ಕಾರ. ಲವಕರ, ಲಗೂನ ಓಡು.”

ಕಾಕಾ ಹೇಳಿದ್ದನ್ನು ಸಿದ್ದಪ್ಪನಿಗೆ ಹೇಳಿ ಅವನ ಮುಖ ನೋಡಿದೆ. ಅವನಿಗೆ ಅರ್ಥವಾಗಲು ನನಗಿಂತ ಒಂದು ಗಳಿಗೆ ಹೆಚ್ಚು ಹಿಡಿಯಿತು. “ಅವರು ಪಂಚ ಮೊದಲ ಅಂದ್ರಲ್ರೀ ಅಕ್ಕಾರ. ಪಂಚ ಅಂದ್ರ ಐದು, ವೀಸ ಅಂದ್ರ ಇಪ್ಪತ್ತು, ಎರಡರ ಮನಿ. ಹೇಳಿದಂಗ ಬರದ್ನಿ,” ಎಂದ. ಐವತ್ತೆರಡು ಎಂದು ತುಂಬಿದ್ದ. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಮರಾಠಿಯಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಸಂತೆಯಲ್ಲಿ ತರಕಾರಿ ಕೊಳ್ಳುವಾಗ ದಿನಾ ಆಗುವ ಎಡವಟ್ಟು. ಈ ಪೆಟ್ಟಿಗೆಯ ಇಪ್ಪತ್ತೈದಕ್ಕೆ ತನ್ನದೇ ಅರ್ಥ ತುಂಬದೆ ಉಳಿದದ್ದರಿಂದ ಯಂತ್ರ ಹೆಚ್ಚಿನ ಕಡೆಯ ಸಾಮಾನ್ಯ ಅರ್ಥ ತೆಗೆದು ತೋರಿಸಿತ್ತು. ಸಾಮಾನ್ಯಕ್ಕೆ ಇಪ್ಪತ್ತೈದು ಎಂದರೆ ಬ್ಯಾಟರಿ.

ಪೊಲೀಸರಿಗೆ ಫೋನ್ ಮಾಡಿದೆ. ಇವತ್ತೂ ಶುರುವಾಯಿತೇ ಎಂದು ಆ ಕಡೆಯವರು ಬೇಸರದಿಂದ ಕೇಳಿದರು. ಒಳಗೆ ಮನುಷ್ಯ ಇದ್ದಾನೆ ಎಂದೆ. ಯಾರು, ಹೆಸರು ಹೇಳಿ ಎಂದರು. ಮದುವೆಯಾದಾಗಿನಿಂದ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಬ್ಯಾಂಕಿನಲ್ಲಿ ಕೇಳಿದರೂ ಬರೆದು ತೋರಿಸುತ್ತಿದ್ದೆ. ಅವತ್ತು ಬಸವರಾಜ ಎಂದು ಅಷ್ಟು ಜೋರಾಗಿ ಕಿರುಚಿದೆನಂತೆ, ಕೆಳಗಿನ ಮನೆಯವರು ಮೇಲೆ ಓಡಿಬಂದರು.

ಸಿದ್ದಪ್ಪನ ಬೈಕಿನಲ್ಲಿ ಹೊರಟೆವು. ಊರು ದಾಟುವುದೇ ದೊಡ್ಡ ಪಾಡಾಯಿತು. ರಸ್ತೆಯೆಲ್ಲ ನೀರು, ಎಲ್ಲಿ ತಗ್ಗು ಎಲ್ಲಿ ಗಟಾರ ತಿಳಿಯದು. ರೈಲಿನ ಮೂರನೇ ಗೇಟಿನ ಹತ್ತಿರ ಬೈಕು ಕೆಟ್ಟು ನಿಂತಿತು. ಅವನು ಒದೆಯುತ್ತಲೇ ಅಳುತ್ತಿದ್ದ. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ಹೊಡೆದರೆ ಬೈಕು ಯಾರು ನಡೆಸಬೇಕು ಎಂದು ಸುಮ್ಮನಿದ್ದೆ. ಕೊನೆಗೆ ಬೈಕು ಮತ್ತೆ ಶುರುವಾಯಿತು. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದೆ. ಕರೆಂಟಿಲ್ಲ, ಹಾಗಾದರೆ ಒಳಗೆ ತಂಪು ಕಡಿಮೆಯಾಗಿರುತ್ತದೆ. ಅಷ್ಟು ದಪ್ಪ ಗೋಡೆ, ಹೇಗೆ ಕಡಿಮೆಯಾಗುತ್ತದೆ? ಮೈ ಒಣಗಿದ್ದರೆ ತಡೆದುಕೊಳ್ಳುತ್ತಾರೆ. ಮಳೆಯಲ್ಲಿ ನೆನೆದು ಒಳಗೆ ಹೋಗಿದ್ದರೆ? ಬಸವಣ್ಣಾ, ಅವರೊಬ್ಬರನ್ನು ಬಿಟ್ಟುಕೊಡು, ಈ ಕೆಲಸ ಬೇಡ, ಈ ಊರೂ ಬೇಡ ಎಂದು ಬಾಯಿಗೆ ಬಂದದ್ದನ್ನೆಲ್ಲ ಬೇಡಿಕೊಂಡೆ.

ನಾವು ಮುಟ್ಟಿದಾಗ ಪೊಲೀಸರು ಇನ್ನೂ ಬಂದಿರಲಿಲ್ಲ. ಗೇಟಿನ ತಗಡಿನ ಶೆಡ್ಡಿನಲ್ಲಿ ವಾಚಮನ್ನೂ ಇಬ್ಬರು ಹಮಾಲರೂ ಕುಳಿತಿದ್ದರು. ಬಸವರಾಜ ಮನೆಗೆ ಹೋಗಿರಬೇಕು ಎಂದುಕೊಂಡಿದ್ದರಂತೆ. ನಾನು ಏನು ಕೂಗಿದೆನೋ ನೆನಪಿಲ್ಲ, ಎಲ್ಲರೂ ಓಡಿದರು. ದೊಡ್ಡ ಬಾಗಿಲಿನ ಹೊರಗಿನ ಹಿಡಿಕೆ ಎಳೆದಾಗ ಆ ವಾಸನೆ ಮುಖಕ್ಕೆ ಬಂತು. ಕತ್ತಲು. ಯಾರೋ ಮೊಬೈಲಿನ ಬೆಳಕು ಬಿಟ್ಟರು. ಬಾಗಿಲ ಬಳಿ ಅವರಿರಲಿಲ್ಲ. 

ಒಳಗಿನ ಗೋಡೆಯ ಗುಂಡಿಯ ಕೆಳಗೆ ಕುಳಿತಿದ್ದರು, ಮೈಮೇಲೆ ಖಾಲಿ ಚೀಲ ಹೊದ್ದು. ಚಾವಣಿಯ ನೀರು ಮೆಣಸಿನಕಾಯಿಗೆ ಸೋರುತ್ತಿದೆಯೇ ಎಂದು ನೋಡಲು ಹೊರಗಿನ ಮಳೆಯಲ್ಲಿ ನೆನೆದು ಬಂದವರು ಹಾಗೇ ಒಳಗೆ ಹೋಗಿದ್ದರು. ಬಾಗಿಲು ಹಿಂದೆ ಮುಚ್ಚಿಕೊಂಡಿತ್ತು. ಒದ್ದೆ ಅಂಗಿ ಮೈಗೆ ಅಂಟಿತ್ತು. ನಡುಗುತ್ತಿರಲಿಲ್ಲ. ನಡುಗುತ್ತಿಲ್ಲವಲ್ಲ, ಪರವಾಗಿಲ್ಲ ಎಂದ ಒಬ್ಬ ಹಮಾಲ. ನಡುಗುವುದು ನಿಂತರೆ ಕೆಟ್ಟದ್ದು ಎಂದು ದವಾಖಾನೆಯಲ್ಲಿ ಆಮೇಲೆ ಹೇಳಿದರು. ನಾನು ಕೆನ್ನೆಗೆ ಬಡಿದೆ, ಕೈ ತಿಕ್ಕಿದೆ, ಕರೆದೆ. ಕಣ್ಣು ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ಹಮಾಲರು ಅವರನ್ನು ಎತ್ತಿ ಒಂದು ಟೆಂಪೋದಲ್ಲಿ ಮಲಗಿಸಿದರು. ನನ್ನ ಸೀರೆಯ ಸೆರಗು, ಸಿದ್ದಪ್ಪನ ಅಂಗಿ, ವಾಚಮನ್ನನ ಕಂಬಳಿ, ಸಿಕ್ಕಿದ್ದನ್ನೆಲ್ಲ ಅವರಿಗೆ ಸುತ್ತಿದೆವು.

ವಾಚಮನ್ ಟೆಂಪೋದ ಹಿಂದೆ ಕುಳಿತು ತನ್ನಷ್ಟಕ್ಕೆ ತಾನೇ ಹೇಳುತ್ತಲೇ ಇದ್ದ. “ಮೊದಲ ಬಡದಂಗ ಕೇಳಿತ್ರಿ ಬಾಯಾರ. ಗಾಳಿಗೆ ತಗಡ ಬಡಿಯಾಕತ್ತೈತಿ ಅಂದ್ವಿ. ಇನ್ನೊಂದೀಟು ಬಡದಿದ್ರ ಎದ್ದು ಹೋಗಿ ನೋಡ್ತಿದ್ವಿ. ನಿಂತs ಬಿಟ್ಟಿತು.” ಸುಮ್ಮನಿರು ಎಂದು ಅವನನ್ನು ಗದರಿಸಿದೆ.

ಮಾರನೆಯ ದಿನ ಕಾಕಾ ಅದೇ ಮಳೆಯಲ್ಲಿ ಬಸ್ಸು ಹಿಡಿದು ದವಾಖಾನೆಗೆ ಬಂದರು. ಒಳಗೆ ಬರಲಿಲ್ಲ. ವರಾಂಡದ ಬೆಂಚಿನ ಮೇಲೆ ಕೊಡೆ ಹಿಡಿದುಕೊಂಡೇ ಕುಳಿತರು. ಬಿಡಿಬಿಡಿಯಾಗಿ ಎರಡು, ಐದು ಎಂದು ಹೇಳಬೇಕಿತ್ತು, ನಾಲಿಗೆಗೆ ಬಂದಂತೆ ಹೇಳಿಬಿಟ್ಟೆ ಎಂದು ಮರಾಠಿಯಲ್ಲಿ ಅತ್ತರು. ಇನ್ನೊಂದು ತುದಿಗೆ ಸಿದ್ದಪ್ಪ ಕುಳಿತಿದ್ದ. ಇಬ್ಬರೂ ಪರಸ್ಪರ ನೋಡಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು. ಸ್ಪ್ರಿಂಗು ಹಾಕಿಸದ ಮಾಲೀಕನ ಮೇಲೆ, ಒರೆಸಿ ಹಾಕಿ ಎಂದ ಸಾಹೇಬರ ಮೇಲೆ, ನಿಲ್ಲದ ಮಳೆಯ ಮೇಲೆ ಸಿಟ್ಟು. ಒಳಗೆ ನಮ್ಮವರು ಉಳಿಯುತ್ತಾರೋ ಇಲ್ಲವೋ ಎಂದು ಡಾಕ್ಟರು ಇನ್ನೂ ಹೇಳಿರಲಿಲ್ಲ, ಅಷ್ಟು ಹೊತ್ತು ಬದುಕಿರಲು ನನಗೆ ಸಿಟ್ಟೊಂದೇ ಆಸರೆಯಾಗಿತ್ತು.

ಎರಡು ದಿನದ ಮೇಲೆ ಅವರಿಗೆ ಸರಿಯಾಗಿ ಎಚ್ಚರ ಬಂತು. ಎದೆಯಲ್ಲಿ ಕಫ ಕಟ್ಟಿ ಮಾತು ಕಷ್ಟ. ಕಾಲ ಬೆರಳುಗಳಿಗೆ ಬಟ್ಟೆ ಸುತ್ತಿದ್ದರು. ನಾನು ಗಂಜಿ ಕುಡಿಸುತ್ತಿದ್ದೆ. ಒಂದು ಮಾತನ್ನೂ ಕೇಳಬಾರದು ಎಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಬಾಗಿಲು ಬಡಿಯುವುದನ್ನು ಯಾಕೆ ನಿಲ್ಲಿಸಿದಿರಿ, ಹೊರಗೆ ಮೂವರಿದ್ದರಲ್ಲ ಎಂದೆ.

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ನಿಂತು ನಿಂತು ಹೇಳಿದರು. “ಬ್ಯಾಟರಿ ಹಾಕೂ ಮುಂದ ಕಾಕಾ ಗುಂಡಿ ಮ್ಯಾಲ ಒಂದು ಹಸರ ದೀಪ ಕುಂದ್ರಿಸ್ಯಾರ. ನಿಮ್ಮ ಮಷೀನು ಹೂಂ ಅಂದ ಕೂಡ್ಲೆ ಅದು ಹತ್ತತೈತಿ. ನಾ ಒತ್ತಿದೆ, ಹತ್ತಿತು. ಅಂಜಿಕಿ ಬಂದಾಗೊಮ್ಮೆ ಮತ್ತ ಒತ್ತಿದೆ, ಮತ್ತ ಹತ್ತಿತು. ನಿನ್ನ ಪಾಳಿ ಅಂತ ಗೊತ್ತಿತ್ತಲ್ಲ. ನೀ ಕೇಳಿದಿ, ಇನ್ನ ಬರ್ತಿ ಅಂತ ಬಡಿಯೂದು ಬಿಟ್ಟು ಕುಂತೆ.”

ದೂರು ಹೇಳುತ್ತಿರಲಿಲ್ಲ. ನಾನು ಬಂದೇ ಬಂದೆನಲ್ಲ ಎನ್ನುವ ನೆಮ್ಮದಿ ಅವರ ಮುಖದಲ್ಲಿತ್ತು. ಯಂತ್ರದಲ್ಲಿ ಏನಾಗಿತ್ತು ಎಂದು ಅವರಿಗೆ ಇನ್ನೂ ಯಾರೂ ಹೇಳಿರಲಿಲ್ಲ. ನಾನು ಮತ್ತೊಂದು ಚಮಚ ಗಂಜಿ ಎತ್ತಿದೆ. ಅವರು ಇನ್ನೊಮ್ಮೆ ಉಸಿರು ಕೂಡಿಸಿಕೊಂಡು ಕೇಳಿದರು.

“ನಾ ಒತ್ತಿದ್ದು ಮೊದಲನೇ ಸಲಕ್ಕs ಬಂದಿತ್ತಿಲ್ಲೋ?”

“ಬಂದಿತ್ರೀ,” ಎಂದೆ.